ಪ್ರಶ್ನೆಗೊಂದು ವಿಳಾಸ

ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಸ್ಥಾನವಿದೆ. ಅಲ್ಲಿನ ಹದಿನಾರು ಮುಖದ ಚಾವಡಿಯನ್ನು ನೋಡಲೆಂದೇ ಬರುವವರುಂಟು. ಊರಿನಲ್ಲಿ ಹೇಳುವ ಕಥೆಯ ಪ್ರಕಾರ, ಇಲ್ಲಿ ಆಳುತ್ತಿದ್ದ ನಾಯಕನೊಬ್ಬನಿಗೆ ಹದಿನಾರು ಮಂದಿ ಅಳಿಯಂದಿರು. ಕೂತಾಗ ಯಾರಿಗೂ ಮೇಲುಕೀಳು ಅನ್ನಿಸಬಾರದೆಂದು ಒಬ್ಬೊಬ್ಬರಿಗೂ ಒಂದೊಂದು ಮುಖವಿರುವ ಚಾವಡಿ ಕಟ್ಟಿಸಿದನಂತೆ.

ಕಳೆದ ಸಲ ಹೋದಾಗ ದೇವಸ್ಥಾನದ ಹೊರಗೆ ಇಬ್ಬರು ಹುಡುಗರು ಪಕ್ಕಪಕ್ಕದಲ್ಲೇ ಕೂತು, ಒಂದೇ ಸುದ್ದಿಯ ಕೆಳಗೆ ಒಬ್ಬರ ಮೇಲೊಬ್ಬರು ಕಮೆಂಟು ಹಾಕುತ್ತಿದ್ದರು. “ಹಾಕ್ದೆ ನೋಡ್ಲಾ, ಈಗ ಏನಂದೀಯ?” ಎಂದು ಒಬ್ಬ ನಗುತ್ತಿದ್ದ. ಸುದ್ದಿ ಮಂತ್ರಿಯೊಬ್ಬರದು. ಬೈಗುಳ ಮಾತ್ರ ಪಕ್ಕದವನಿಗೆ. ಜಗಳ ತಮಾಷೆಯದೇ ಆಗಿದ್ದರೂ ನನಗೆ ಆ ದೃಶ್ಯ ಮರೆಯಲಿಲ್ಲ. ರಾಜಕೀಯ ಸುದ್ದಿಯ ಕೆಳಗೆ ದಿನವೂ ಬೆಳೆಯುತ್ತಿರುವ ಕನ್ನಡದ ಬರವಣಿಗೆಯನ್ನು ನಾವು ಸಾಹಿತ್ಯದ ವಿದ್ಯಾರ್ಥಿಗಳು ಓದುವುದೇ ಇಲ್ಲ, ಬೇಸರಪಟ್ಟು ದಾಟಿಹೋಗುತ್ತೇವೆ. ಇವತ್ತು ಅತಿ ಹೆಚ್ಚು ಜನ ಬರೆಯುವ ಕನ್ನಡ ಗದ್ಯ ಬಹುಶಃ ಇದೇ. ಅದನ್ನು ಗದ್ಯವೆಂದೇ ಓದಿದರೆ ಏನು ಕಾಣುತ್ತದೆ?

ಈ ಗದ್ಯದಲ್ಲಿ ಎರಡು ವಾಕ್ಯಗಳು ಮತ್ತೆಮತ್ತೆ ಬರುತ್ತವೆ. ಮೊದಲನೆಯದು, “ಎಲ್ಲಾ ಕಳ್ರೇ ಗುರು.” ಎರಡನೆಯದು, “ನಿಮ್ಮೋರು ಮಾಡ್ದಾಗ ಎಲ್ಲೋಗಿದ್ರಿ?” ಮೊದಲ ವಾಕ್ಯ ಸಿಟ್ಟಿನದಾಗಿ ಕಾಣುತ್ತದೆ, ಆದರೆ ಅದರಷ್ಟು ಸಮಾಧಾನದ ಮಾತು ಬೇರೊಂದಿಲ್ಲ. ಎಲ್ಲರೂ ಕಳ್ಳರಾದರೆ ಯಾರೊಬ್ಬರೂ ಉತ್ತರ ಕೊಡಬೇಕಾಗಿಲ್ಲ. ಯಾವ ಕಳವು, ಎಷ್ಟರದ್ದು, ಯಾವ ಕಡತದಲ್ಲಿ ಎಂದು ಹುಡುಕುವ ಕಷ್ಟವೂ ಇಲ್ಲ. ಅದರಲ್ಲಿ ಕರ್ತೃ ಇದ್ದಾನೆ, ಆದರೆ ಅವನಿಗೆ ಹೆಸರಿಲ್ಲ. ಎರಡನೆಯದು ಪ್ರಶ್ನೆಯ ರೂಪದಲ್ಲಿದೆ. ಅಧಿಕಾರದಲ್ಲಿರುವವರ ಬಗ್ಗೆ ಮಾತಾಡುತ್ತಲೇ ಅದು ಕೇಳುವುದು ಮಾತ್ರ ಇನ್ನೊಬ್ಬ ಓದುಗನನ್ನು. ವಿಧಾನಸೌಧಕ್ಕೆ ಹೋಗಬೇಕಾದ ಕಾಗದ ಪಕ್ಕದ ಮನೆಯ ಬಾಗಿಲಿಗೆ ಬಿದ್ದಂತೆ ಅದು.

‘ಉತ್ತರದಾಯಿತ್ವ’ ಎಂಬ ಪದವನ್ನು ಪತ್ರಿಕೆಗಳು ಧಾರಾಳವಾಗಿ ಬಳಸುತ್ತವೆ. ಉತ್ತರದಾಯಿ ಎಂದರೆ ಉತ್ತರ ಕೊಡುವವನು. ಉತ್ತರ ಬರಬೇಕಾದರೆ ಮೊದಲು ಪ್ರಶ್ನೆ ಇರಬೇಕು, ಆ ಪ್ರಶ್ನೆಗೆ ವಿಳಾಸವಿರಬೇಕು. ನಮ್ಮ ಕಮೆಂಟಿನ ಗದ್ಯದ ನಿಜವಾದ ಕೊರತೆ ಸಭ್ಯತೆಯದಲ್ಲ, ಈ ವಿಳಾಸದ್ದು ಎಂಬುದು ನನ್ನ ವಾದ.

2024ರ ಮುಡಾ ಪ್ರಕರಣವನ್ನೇ ನೋಡಿ. ಸಿದ್ದರಾಮಯ್ಯನವರು ಪ್ರತಿನಿಧಿಸುವ ವರುಣ ಕ್ಷೇತ್ರದಲ್ಲಿ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳೂ ಸೇರಿವೆ. ಹಾಗಾಗಿ ಈ ಕಡೆಯವರಿಗೆ ಅದು ಮನೆಯ ಸುದ್ದಿಯಿದ್ದಂತೆ. ಮೈಸೂರಿನ ಕೆಸರೆಯ 3 ಎಕರೆ 16 ಗುಂಟೆ ಜಮೀನಿಗೆ ಬದಲಾಗಿ ಅವರ ಪತ್ನಿಗೆ ವಿಜಯನಗರದಲ್ಲಿ 14 ನಿವೇಶನಗಳನ್ನು ಕೊಟ್ಟದ್ದು ಸರಿಯೇ ಎಂಬುದು ಅಲ್ಲಿದ್ದ ಪ್ರಶ್ನೆ. ಖಾಸಗಿ ವ್ಯಕ್ತಿಗಳು ದೂರು ಕೊಟ್ಟರು. ಆಗಸ್ಟ್‌ನಲ್ಲಿ ರಾಜ್ಯಪಾಲರು ಅನುಮತಿ ಕೊಟ್ಟರು. ಅದನ್ನು ಪ್ರಶ್ನಿಸಿ ಮುಖ್ಯಮಂತ್ರಿಗಳು ಸಲ್ಲಿಸಿದ್ದ ಅರ್ಜಿಯನ್ನು ಸೆಪ್ಟೆಂಬರ್ 24ರಂದು ಹೈಕೋರ್ಟ್ ವಜಾ ಮಾಡಿತು. ಆಮೇಲೆ ನಿವೇಶನಗಳು ಪ್ರಾಧಿಕಾರಕ್ಕೆ ಹಿಂತಿರುಗಿದವು. 2025ರ ಫೆಬ್ರವರಿಯಲ್ಲಿ ಲೋಕಾಯುಕ್ತ ಪೊಲೀಸರು ಆರೋಪಕ್ಕೆ ಸಾಕ್ಷ್ಯ ಸಾಲದು ಎಂದರು. ಯಾರು ಸರಿ ಎಂದು ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ.

ಆ ತಿಂಗಳುಗಳಲ್ಲಿ ಕಮೆಂಟುಗಳನ್ನು ಓದುತ್ತಾ ಹೋದಾಗ ನನಗೆ ಕಂಡದ್ದು ಎರಡು ಪಾತ್ರಗಳು. ಒಂದು ಕಡೆಯವರಿಗೆ ಮುಖವಾಡ ಕಳಚಿದ ಸಮಾಜವಾದಿ, ಇನ್ನೊಂದು ಕಡೆಯವರಿಗೆ ಹಿಂದುಳಿದ ಜಾತಿಯಿಂದ ಬಂದನೆಂದೇ ಬೇಟೆಗೆ ಗುರಿಯಾದ ನಾಯಕ. ಎರಡೂ ನಾಟಕದ ಪಾತ್ರಗಳು. ಚಪ್ಪಾಳೆಗೂ ಶಿಳ್ಳೆಗೂ ಒದಗುವಂಥವು. ನಡುವೆ ಕೇಳಬೇಕಾಗಿದ್ದ ಸಪ್ಪೆ ಪ್ರಶ್ನೆಗಳು ಹಾಗೇ ಉಳಿದವು. ಜಮೀನು ಕಳೆದುಕೊಂಡವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಅರ್ಧ ಕೊಡುವ 50:50 ಎಂಬ ಪದ್ಧತಿಯಲ್ಲಿ ಇನ್ನೆಷ್ಟು ನಿವೇಶನಗಳು ಯಾರುಯಾರಿಗೆ ಹೋದವು? ಬೇರೆ ಬಡಾವಣೆಯಲ್ಲಿ ಜಾಗ ಕೊಡುವ ತೀರ್ಮಾನಕ್ಕೆ ಸಹಿ ಹಾಕಿದವರು ಯಾರು? ನಿವೇಶನಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರ ಸರದಿ ಏನಾಯಿತು? ಈ ಪ್ರಶ್ನೆಗಳಿಗೆ ಮುಖ್ಯಮಂತ್ರಿಯ ಪರ-ವಿರೋಧ ಇರಬೇಕಾಗಿಯೇ ಇಲ್ಲ. ಬಹುಶಃ ಅದಕ್ಕೇ ಅವಕ್ಕೆ ಲೈಕು ಬೀಳಲಿಲ್ಲ.

ಇದಕ್ಕೆ ಎದುರಾಗಿ ಮೈಸೂರಿನಲ್ಲೇ ಇದ್ದ ಹಳೆಯ ರೂಪವೊಂದು ನೆನಪಾಗುತ್ತದೆ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ 144 ಸದಸ್ಯರೊಂದಿಗೆ ಮೊದಲ ಸಲ ಸೇರಿತು. ದಸರಾ ಹೊತ್ತಿಗೆ ಸೇರುತ್ತಿದ್ದ ಈ ಸಭೆಗೆ ಶುರುವಿನಲ್ಲಿ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರು ಸರ್ಕಾರದ ವರ್ಷದ ಕೆಲಸವನ್ನು ಓದಿ ಹೇಳುವುದು, ಬಂದವರು ತಮ್ಮ ಕಡೆಯ ಕುಂದುಕೊರತೆ ಮುಂದಿಡುವುದು, ಅದಕ್ಕೆ ಉತ್ತರ ಪಡೆಯುವುದು, ಅಷ್ಟೆ. ಹಲ್ಲಿಲ್ಲದ ಸಭೆ ಎಂದು ಅದನ್ನು ತಳ್ಳಿಹಾಕಬಹುದು. ಆದರೆ ಅದರ ನಡಾವಳಿ ಅಚ್ಚಾಗುತ್ತಿತ್ತು. ಕೇಳಿದ್ದೂ, ಬಂದ ಉತ್ತರವೂ ಒಂದೇ ಪುಸ್ತಕದಲ್ಲಿ ಉಳಿಯುತ್ತಿದ್ದವು. ಕಳೆದ ವರ್ಷ ಹೀಗೆಂದಿದ್ದಿರಿ ಎಂದು ಈ ವರ್ಷ ತೋರಿಸಬಹುದಾಗಿತ್ತು.

ವಿಳಾಸವಿರುವ ಪ್ರಶ್ನೆಗೆ ಆಳುವವರು ಹೆದರುತ್ತಾರೆ ಎಂಬುದಕ್ಕೂ ಮೈಸೂರೇ ಸಾಕ್ಷಿ. 1908ರಲ್ಲಿ ಸಂಸ್ಥಾನ ಪತ್ರಿಕೆಗಳ ಮೇಲೆ ಕಟ್ಟಲೆ ತಂದಾಗ, ಜನ ತಾತಯ್ಯ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದಕ್ಕೆ ತಲೆಬಾಗುವ ಬದಲು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ನಾನೇ ಎದುರು ನಿಲ್ಲಬೇಕು. ಆ ಸಭೆಯಲ್ಲಿ ಕೂತವರು ಮುಖ್ಯವಾಗಿ ಜಮೀನುದಾರರು, ವರ್ತಕರು. ಚಾಕರಿಯವರಿಗೂ ಹೆಂಗಸರಿಗೂ ಮೊದಲಲ್ಲಿ ಅಲ್ಲಿ ಜಾಗವಿರಲಿಲ್ಲ. ಅರ್ಜಿಯ ಭಾಷೆಯೂ ಸ್ವಚ್ಛವಲ್ಲ. ಮಹಾಸ್ವಾಮಿಗಳ ಪಾದಕ್ಕೆ ಬಿನ್ನಹ ಮಾಡುವ ಆ ಭಾಷೆ ಬಗ್ಗಿಯೇ ಮಾತಾಡುತ್ತದೆ. ಹೆಡತಲೆಯ ಚಾವಡಿಯ ಸಮಾನತೆ ಕೂಡ ಅಳಿಯಂದಿರದು; ಹದಿನಾರು ಮಂದಿ ಹೆಣ್ಣುಮಕ್ಕಳು ಎಲ್ಲಿ ಕೂರುತ್ತಿದ್ದರು ಎಂದು ಕಥೆ ಹೇಳುವುದಿಲ್ಲ. ಊರ ಜಗಲಿಯ ಮೇಲೆ ಕೂರಲಾಗದ ಹುಡುಗ ಇವತ್ತು ಮಂತ್ರಿಯ ಫೋಟೊ ಕೆಳಗೆ “ನಮ್ ಕೇರಿಗೆ ನೀರು ಯಾವಾಗ್ ಬಿಡ್ತೀರಾ?” ಎಂದು ಏಕವಚನಕ್ಕಿಳಿಯದೆ, ಕೈಮುಗಿಯದೆ ಕೇಳಬಲ್ಲ. ಇದು ಅರ್ಜಿಗೆ ಸಾಧ್ಯವಾಗದಿದ್ದ ಕನ್ನಡ. ಇಡೀ ಕಮೆಂಟಿನ ಗದ್ಯದಲ್ಲಿ ನನಗೆ ಒಳ್ಳೆಯ ಸಾಹಿತ್ಯವಾಗಿ ಕಾಣುವುದು ಇಂಥ ಸಾಲುಗಳೇ. ಅದರಲ್ಲಿ ಊರಿದೆ, ಕೇಳುವವನಿದ್ದಾನೆ, ಹೇಳಬೇಕಾದವನಿದ್ದಾನೆ. ದುರಂತವೆಂದರೆ ಅದರ ಕೆಳಗೆ ಮಂತ್ರಿಯ ಉತ್ತರ ಬರುವ ಮೊದಲೇ “ನೀನ್ಯಾವ ಪಾರ್ಟಿ?” ಎಂದು ಯಾರೋ ಬರೆದಿರುತ್ತಾರೆ. ಅಲ್ಲಿಂದ ಮುಂದೆ ನೀರಿನ ಮಾತಿಲ್ಲ.

ಹಾಗಾದರೆ ಅರ್ಜಿಯ ವಿಳಾಸವೂ ಕಮೆಂಟಿನ ನೆಟ್ಟಗಿನ ಬೆನ್ನೂ ಒಟ್ಟಿಗಿರುವ ಬರವಣಿಗೆ ನಮ್ಮಲ್ಲಿ ಇದೆಯೇ? ಇದೆ, ಆದರೆ ಅದನ್ನೂ ನಾವು ಬರವಣಿಗೆ ಎಂದು ನೋಡಿಲ್ಲ. ರಾಜಸ್ಥಾನದ ಹಳ್ಳಿಗಳಲ್ಲಿ 1994ರಿಂದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ನಡೆಸಿದ ಜನಸುನವಾಯಿಗಳಲ್ಲಿ ಕೂಲಿಯ ಹಾಜರಿ ಪಟ್ಟಿಯನ್ನು ಎಲ್ಲರೆದುರು ಜೋರಾಗಿ ಓದುತ್ತಿದ್ದರು. ಕೆಲಸವನ್ನೇ ಮಾಡದವರ, ತೀರಿಹೋದವರ ಹೆಸರುಗಳು ಪಟ್ಟಿಯಲ್ಲಿದ್ದುದು ಹಾಗೆ ಬಯಲಾಯಿತು. ಅಲ್ಲಿ ಭಾಷಣಕ್ಕಿಂತ ಓದಿಗೆ ಬಲವಿತ್ತು. ದೇಶದ ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬರುವುದಕ್ಕೆ ಆ ಹೋರಾಟ ಮುಖ್ಯ ಕಾರಣ. ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಒಂದು ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಈ ಮಿತಿ ಜನರ ಹಕ್ಕನ್ನು ಮೊಟಕು ಮಾಡುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಆದರೂ ಒಂದು ಗದ್ಯರೂಪವಾಗಿ ಅದು ಕಲಿಸುವುದು ಬಹಳ. ವಿಶೇಷಣಕ್ಕೆ ಅಲ್ಲಿ ಜಾಗವಿಲ್ಲ. ‘ಎಲ್ಲಾ ಕಳ್ಳರು’ ಎಂದು ಬರೆದರೆ ಪದ ದಂಡ.

ಇದನ್ನು ನಾನು ಕಲಿತದ್ದು ತಡವಾಗಿ. ಒಂದು ವರ್ಷ ನಮ್ಮ ಸಂಶೋಧನಾ ಶಿಷ್ಯವೇತನ ಏಳು ತಿಂಗಳು ನಿಂತುಹೋಗಿತ್ತು. ನಾವು ಗೆಳೆಯರೆಲ್ಲ ಮಾಡಿದ್ದು ಮೀಮು, ಕಮೆಂಟು, ಸರ್ಕಾರಕ್ಕೆ ಒಂದಿಷ್ಟು ಬೈಗುಳ. ನನ್ನ ಸಾಲೊಂದಕ್ಕೆ ಮುನ್ನೂರು ಲೈಕು ಬಂದು ಎರಡು ದಿನ ಬೀಗಿದ್ದೆ. ಹಾಸ್ಟೆಲಿನ ಅಕ್ಕ ಒಬ್ಬರು ಮಾತ್ರ “ಬೈದಿದ್ದು ಸಾಕು, ಈಗ ಕೇಳೋಣ” ಎಂದು ಹಾಳೆ ತಂದರು. ನನ್ನ ಮೊದಲ ಕರಡು ನಾನೂರು ಪದವಿತ್ತು. ಅವರು ಹೊಡೆದು ಹಾಕುತ್ತಾ ಹೋದರು. ಅನ್ಯಾಯ ಹೋಯಿತು, ಬಡ ವಿದ್ಯಾರ್ಥಿಗಳ ಕಣ್ಣೀರು ಹೋಯಿತು. ಕೊನೆಗೆ ಉಳಿದದ್ದು ಮೂರು ಪ್ರಶ್ನೆ, 10 ರೂಪಾಯಿ ಶುಲ್ಕ. 30 ದಿನದ ಗಡುವು ಮುಗಿಯುವ ಹೊತ್ತಿಗೆ ನಾಲ್ಕು ಸಾಲಿನ ಉತ್ತರ ಬಂತು: ಹಣ ಬಿಡುಗಡೆಯಾಗಿದೆ, ವಿತರಣೆ ಪರಿಶೀಲನೆಯಲ್ಲಿದೆ. ಮುನ್ನೂರು ಲೈಕುಗಳಲ್ಲಿ ಒಂದೂ ನಮಗೆ ಈ ವಿಷಯ ಹೇಳಿರಲಿಲ್ಲ.

ಆ ನಾಲ್ಕು ಸಾಲಿನ ಕೆಳಗೆ ಒಂದು ಹೆಸರು, ಹುದ್ದೆ, ಸಹಿ ಇದ್ದವು. ಎರಡನೆಯ ಅರ್ಜಿಯನ್ನು ಆ ಹುದ್ದೆಗೇ ಬರೆದೆವು. ಹಣ ಬಿಡುಗಡೆಯಾದ ತಾರೀಖು ಯಾವುದು, ಪರಿಶೀಲನೆ ಯಾರ ಮೇಜಿನ ಮೇಲಿದೆ, ನಮ್ಮ ಖಾತೆಗೆ ಬರುವುದು ಎಂದು? ಈ ಸಲ ಕರಡಿನಲ್ಲಿ ಹೊಡೆದು ಹಾಕುವಂಥದ್ದು ಹೆಚ್ಚೇನೂ ಇರಲಿಲ್ಲ.