ದಿನಾಂಕಗಳ ವರ್ಗಾವಣೆಯಲ್ಲಿ ಆದಿದಿನದ ಪ್ರಶ್ನೆ

ಹಳೆಯ ತಂತ್ರಾಂಶದಲ್ಲಿ ಶೇಖರವಾದ ದತ್ತಾಂಶವನ್ನು ಹೊಸದಕ್ಕೆ ಸಾಗಿಸುವಾಗ, ದಿನಾಂಕವಿರಬೇಕಾದ ಸ್ಥಳದಲ್ಲಿ ೨೦೭೬೦ ಎಂಬಂಥ ಬರಿಯ ಸಂಖ್ಯೆ ಕಾಣಿಸಿಕೊಳ್ಳುವುದುಂಟು. ಅದು ಯಾವುದೋ ಒಂದು ಆದಿದಿನದಿಂದ ಎಣಿಸಿದ ದಿನಗಳ ಮೊತ್ತ. ಅದನ್ನು ದಿನಾಂಕಕ್ಕೆ ತಿರುಗಿಸಲು ಸಿದ್ಧಸೂತ್ರಗಳು ಬಳಕೆಯಲ್ಲಿವೆ. ಸೂತ್ರವು ಫಲವನ್ನು ಕೊಟ್ಟೊಡನೆ ಕೆಲಸ ಮುಗಿಯಿತೆಂದು ಭಾವಿಸುವ ಪದ್ಧತಿ ಎಷ್ಟರಮಟ್ಟಿಗೆ ಸಾಧುವೆಂಬುದು ಇಲ್ಲಿ ವಿವೇಚಿಸತಕ್ಕ ವಿಷಯ.

ಎಕ್ಸೆಲ್ ತಂತ್ರಾಂಶದ ರೂಢಿಯ ಎಣಿಕೆಯಲ್ಲಿ ೧೯೦೦ರ ಜನವರಿ ೧ ಒಂದನೆಯ ದಿನ. ಅದರಂತೆ ೨೦೭೬೦ ಎಂದರೆ ೧೯೫೬ರ ನವೆಂಬರ್ ೧. ವಿಶಾಲ ಮೈಸೂರು ರಾಜ್ಯ ಉದಯಿಸಿದ ದಿನ. ಆದರೆ ಮೆಕಿಂತಾಷ್ ಯಂತ್ರಗಳ ಹಳೆಯ ಎಕ್ಸೆಲ್ ೧೯೦೪ರ ಜನವರಿ ೧ನ್ನು ಸೊನ್ನೆಯಾಗಿ ಹಿಡಿಯುತ್ತಿತ್ತು. ಆ ಎಣಿಕೆಯಲ್ಲಿ ಅದೇ ಸಂಖ್ಯೆ ೧೯೬೦ರ ನವೆಂಬರ್ ೨ ಆಗುತ್ತದೆ. ಅಂತರ ೧೪೬೨ ದಿನ. ಎರಡೂ ನಂಬತಕ್ಕ ದಿನಾಂಕಗಳೇ ಆದುದರಿಂದ ತಪ್ಪು ಕಣ್ಣಿಗೆ ಬೀಳದು. ಅದು ಒಬ್ಬ ನೌಕರನ ಜನ್ಮದಿನವಾಗಿದ್ದರೆ ಅವನ ನಿವೃತ್ತಿಯೇ ನಾಲ್ಕು ವರ್ಷ ಸರಿದುಹೋಗುತ್ತದೆ.

ಮೊದಲನೆಯ ಎಣಿಕೆಯೂ ನಿರ್ದುಷ್ಟವಲ್ಲ. ಗ್ರೆಗೋರಿಯನ್ ಪಂಚಾಂಗದಲ್ಲಿ ೧೯೦೦ ಅಧಿಕ ವರ್ಷವಲ್ಲ. ಆದರೂ ೧೯೮೩ರಲ್ಲಿ ಹೊರಬಂದ ಲೋಟಸ್ ೧-೨-೩ ಅದನ್ನು ಅಧಿಕವೆಂದೇ ಎಣಿಸಿತು. ಅದರ ಕಡತಗಳಿಗೆ ಹೊಂದಿಕೊಳ್ಳುವ ಸಲುವಾಗಿ ಎಕ್ಸೆಲ್ ಆ ದೋಷವನ್ನು ಉಳಿಸಿಕೊಂಡಿತು. ಆದಕಾರಣ ಅದರ ೬೦ನೆಯ ದಿನವು ಎಂದೂ ಇಲ್ಲದ ಫೆಬ್ರವರಿ ೨೯. ಈ ದೋಷವನ್ನರಿಯದೆ ಶುದ್ಧ ಗಣಿತವನ್ನೇ ನಂಬಿ ಎಣಿಸಿದವನಿಗೆ ಆ ಬಳಿಕದ ಪ್ರತಿಯೊಂದು ದಿನಾಂಕವೂ ಒಂದು ದಿನ ಮುಂದಾಗಿ ದೊರೆಯುತ್ತದೆ.

ಶಾಸನಗಳ ಕಾಲನಿರ್ಣಯದಲ್ಲಿ ತೊಡಗಿದವರಿಗೆ ಈ ಬಗೆಯ ತೊಡಕು ಹೊಸದಲ್ಲ. ಉಕ್ತವಾದ ಶಕವರ್ಷ ಗತವೋ ವರ್ತಮಾನವೋ ತಿಳಿಯದಿದ್ದರೆ ಒಂದು ವರ್ಷದ ವ್ಯತ್ಯಾಸವುಂಟಾಗುತ್ತದೆ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಳೇಶನ ಶಾಸನವು, ಶಕರಾಜನ ಪಟ್ಟಾಭಿಷೇಕದಿಂದ ೫೦೦ ವರ್ಷ ಕಳೆದಿದ್ದುವೆಂದು ಎಣಿಕೆಯ ಮೂಲವನ್ನೂ ರೀತಿಯನ್ನೂ ಹೇಳಿರುವುದರಿಂದಲೇ ಅದರ ಕಾಲ ಕ್ರಿ.ಶ. ೫೭೮ ಎಂದು ನಿಶ್ಚಯಿಸಲು ಸಾಧ್ಯವಾಗಿದೆ. ಹೀಗೆ ಸ್ಪಷ್ಟವಾಗಿ ಹೇಳದೆಡೆಗಳಲ್ಲಿ ವಿದ್ವಾಂಸರು ತಿಥಿವಾರಗಳನ್ನು ತಾಳೆನೋಡುತ್ತಾರೆ.

ಅದೇ ಮಾರ್ಗ ಇಲ್ಲಿಯೂ ಅನುಸರಣೀಯ. ೧೯೫೬ರ ನವೆಂಬರ್ ೧ ಗುರುವಾರ; ೧೯೬೦ರ ನವೆಂಬರ್ ೨ ಬುಧವಾರ. ಕಡತದಲ್ಲಿ ಎಲ್ಲಿಯಾದರೂ ವಾರ ನಮೂದಾಗಿದ್ದರೆ, ಇಲ್ಲವೆ ಅನ್ಯ ಪ್ರಮಾಣದಿಂದ ಗೊತ್ತಿರುವ ಘಟನೆಯೊಂದರ ದಿನ ದೊರೆತರೆ, ಆದಿದಿನ ಯಾವುದೆಂಬುದನ್ನು ನಿರ್ಣಯಿಸಬಹುದು. ಸೂತ್ರವೊಂದರಿಂದಲೇ ಅದು ಆಗತಕ್ಕದ್ದಲ್ಲ. ಏಕೆಂದರೆ ಸೂತ್ರವು ಆದಿದಿನವನ್ನು ಊಹಿಸಿಕೊಂಡೇ ಹೊರಡುತ್ತದೆ.

ಪರಿವರ್ತನೆ ಮುಗಿದೊಡನೆ ಮೂಲಸಂಖ್ಯೆಯನ್ನು ಅಳಿಸಿಬಿಡುವ ರೂಢಿಯಂತೂ ಸರ್ವಥಾ ಆಕ್ಷೇಪಾರ್ಹ. ಶಾಸನದ ಪಾಠವನ್ನು ಅಚ್ಚುಮಾಡಿಸಿ ಕಲ್ಲನ್ನು ಕೆತ್ತಿಹಾಕುವವರುಂಟೆ? ಪರಿವರ್ತಿತ ದಿನಾಂಕವು ಒಂದು ಪಾಠ ಮಾತ್ರ, ಸಂಖ್ಯೆಯೇ ಮೂಲ. ಆ ಸಂಖ್ಯೆಯನ್ನೂ ತಾವು ಹಿಡಿದ ಆದಿದಿನವನ್ನೂ ಪಕ್ಕದಲ್ಲಿಯೇ ದಾಖಲಿಸಿಟ್ಟರೆ, ಪಾಠ ತಪ್ಪಾಗಿದ್ದರೂ ಮುಂದಿನವರು ಅದನ್ನು ತಿದ್ದಿಕೊಳ್ಳಬಲ್ಲರು.