ಆಫ್‌ಸ್ಪಿನ್ನಿನ ಹಿರಿಮೆಗೆ ಯಾವ ಅಳತೆಗೋಲು?

ಭಾರತದ ಆಫ್‌ಸ್ಪಿನ್ನರ್‌ಗಳಲ್ಲಿ ಸಾರ್ವಕಾಲಿಕ ಹಿರಿಯರು ಯಾರು ಎಂಬ ಚರ್ಚೆಗೆ ಚೆನ್ನೈನಷ್ಟು ತಕ್ಕ ಊರು ಇನ್ನೊಂದಿಲ್ಲ. ಎಸ್. ವೆಂಕಟರಾಘವನ್ ಮತ್ತು ಆರ್. ಅಶ್ವಿನ್ ಇದೇ ಊರಿನ ಮಕ್ಕಳು. ಬೆಂಗಳೂರಿನ ಎರಪಳ್ಳಿ ಪ್ರಸನ್ನ ಮೊದಲ ಟೆಸ್ಟ್ ಆಡಿದ್ದು 1962ರ ಜನವರಿಯಲ್ಲಿ, ಮದರಾಸಿನಲ್ಲಿ. ಹರ್ಭಜನ್ ಸಿಂಗ್ 2001ರಲ್ಲಿ ಆಸ್ಟ್ರೇಲಿಯದ 15 ವಿಕೆಟ್ ಉರುಳಿಸಿದ್ದು ಚೆಪಾಕ್‌ನಲ್ಲಿ. ಅಂಕಿಗಳನ್ನಷ್ಟೇ ನೋಡಿದರೆ ವಾದಕ್ಕೆ ಎಡೆಯೇ ಇಲ್ಲ: ಅಶ್ವಿನ್ 106 ಟೆಸ್ಟ್‌ಗಳಲ್ಲಿ 537, ಹರ್ಭಜನ್ 103ರಲ್ಲಿ 417, ಪ್ರಸನ್ನ 49ರಲ್ಲಿ 189, ವೆಂಕಟ್ 57ರಲ್ಲಿ 156. ಆದರೆ ಈ ಸಾಲನ್ನೇ ಹಿರಿಮೆಯ ಸಾಲೆಂದು ಒಪ್ಪಿದರೆ ಪ್ರಸನ್ನರಿಗೆ ಅನ್ಯಾಯವಾಗುತ್ತದೆ. ಪಿಚ್ ಕೈಕೊಟ್ಟಾಗಲೂ ಬ್ಯಾಟ್ಸ್‌ಮನ್‌ನ ಲೆಕ್ಕಾಚಾರವನ್ನು ತಪ್ಪಿಸಬಲ್ಲವನೇ ದೊಡ್ಡ ಸ್ಪಿನ್ನರ್. ಆ ಅಳತೆಯಲ್ಲಿ ಅಶ್ವಿನ್ ಪಕ್ಕದಲ್ಲಿ ನಿಲ್ಲುವವರು ಪ್ರಸನ್ನ ಒಬ್ಬರೇ.

ಪ್ರಸನ್ನರ ಅಸ್ತ್ರ ಫ್ಲೈಟ್. ಬ್ಯಾಟ್ಸ್‌ಮನ್‌ನ ಕಣ್ಣಿನ ಮಟ್ಟಕ್ಕಿಂತ ಮೇಲೆ ತೇಲಿ ಬರುವ ಚೆಂಡು ಡ್ರೈವ್‌ಗೆ ಸಿಗುವಂತೆಯೇ ಕಾಣುತ್ತದೆ. ಅವನು ಕಾಲು ಮುಂದಿಟ್ಟ ಮೇಲೆ, ಅಂದಾಜಿಗಿಂತ ಒಂದು ಗೇಣು ಹಿಂದೆಯೇ ಬಿದ್ದು ಒಳಕ್ಕೆ ತಿರುಗುತ್ತದೆ. ಬ್ಯಾಟು ಮತ್ತು ಪ್ಯಾಡಿನ ನಡುವೆ ಸಂದು ಬಿಡುತ್ತದೆ, ಇಲ್ಲವೇ ಶಾರ್ಟ್ ಲೆಗ್‌ಗೆ ಕ್ಯಾಚ್ ಹೋಗುತ್ತದೆ. ಈ ವಂಚನೆ ಗಾಳಿಯಲ್ಲೇ ನಡೆಯುವುದರಿಂದ ಅದು ಪರದೇಶದಲ್ಲೂ ಫಲಿಸಿತು. 1967-68ರಲ್ಲಿ ಆಸ್ಟ್ರೇಲಿಯದಲ್ಲಿ ಭಾರತ ನಾಲ್ಕೂ ಟೆಸ್ಟ್ ಸೋತಿತು. ಪ್ರಸನ್ನ ಮಾತ್ರ 25 ವಿಕೆಟ್ ಗಳಿಸಿದರು. ಅಲ್ಲಿಂದ ನ್ಯೂಜಿಲೆಂಡ್‌ಗೆ ಹೋಗಿ ಮತ್ತೆ 24 ವಿಕೆಟ್ ಪಡೆದು, ಹೊರದೇಶದಲ್ಲಿ ಭಾರತದ ಮೊಟ್ಟಮೊದಲ ಸರಣಿ ಗೆಲುವಿಗೆ ಬೆನ್ನೆಲುಬಾದರು. ತವರಿನಲ್ಲೂ ಅಷ್ಟೇ: 1969ರಲ್ಲಿ ಚೆಪಾಕ್‌ನಲ್ಲಿ ಆಸ್ಟ್ರೇಲಿಯ ಎರಡನೇ ಇನಿಂಗ್ಸ್‌ನಲ್ಲಿ 24 ರನ್‌ಗೆ 6 ವಿಕೆಟ್ ಕಳೆದುಕೊಂಡದ್ದು ಅವರ ಬೌಲಿಂಗಿಗೆ ಬೆದರಿ. ಆ ಪಂದ್ಯವನ್ನು ಭಾರತ ಸೋತಿತು ಎಂಬುದು ಆ ಸ್ಪೆಲ್‌ನ ಬೆಲೆಯನ್ನು ಇಳಿಸುವುದಿಲ್ಲ.

ಹಾಗಾದರೆ 189 ವಿಕೆಟ್ ಕಡಿಮೆಯಲ್ಲವೇ ಎಂದು ಕೇಳಬಹುದು. ಎಂಜಿನಿಯರಿಂಗ್ ಓದಿಗಾಗಿ 1962ರಿಂದ 1967ರವರೆಗೆ ಅವರು ಟೆಸ್ಟ್ ಆಡಲೇ ಇಲ್ಲ. ಮರಳಿದ ಮೇಲೆ ಬೇಡಿ, ಚಂದ್ರಶೇಖರ್, ವೆಂಕಟ್ ಜೊತೆ ವಿಕೆಟ್ ಹಂಚಿಕೊಳ್ಳಬೇಕಾಯಿತು. ಹೀಗಿದ್ದೂ ಅವರು 20ನೇ ಟೆಸ್ಟ್‌ನಲ್ಲೇ 100 ವಿಕೆಟ್ ಮುಟ್ಟಿದರು. ಭಾರತದ ಮಟ್ಟಿಗೆ ಆ ದಾಖಲೆಯನ್ನು ಮುರಿಯಲು 2013ರಲ್ಲಿ ಅಶ್ವಿನ್‌ರೇ ಬರಬೇಕಾಯಿತು. ಎರಡನೆಯ ಆಕ್ಷೇಪ ವೆಂಕಟ್ ಪರವಾಗಿ ಏಳುತ್ತದೆ: 1971ರಲ್ಲಿ ಇಂಗ್ಲೆಂಡಿನ ಟೆಸ್ಟ್‌ಗಳಲ್ಲಿ ಪ್ರಸನ್ನರನ್ನು ಹೊರಗಿಟ್ಟು ವೆಂಕಟ್‌ರನ್ನೇ ಆಡಿಸಿದ್ದರು, ಭಾರತ ಸರಣಿ ಗೆದ್ದಿತು. ವೆಂಕಟ್‌ರ ನಿಖರತೆ, ಬ್ಯಾಟಿಂಗ್, ಹತ್ತಿರದ ಫೀಲ್ಡಿಂಗ್ ತಂಡಕ್ಕೆ ಆಸ್ತಿಯಾಗಿದ್ದವು, ಅದು ಪೂರ್ತಿ ನಿಜ. ಆದರೆ ತಂಡದ ಸಮತೋಲಕ್ಕಾಗಿ ಮಾಡಿದ ಆಯ್ಕೆಯನ್ನು ಕಲೆಯ ಮೇಲಿನ ತೀರ್ಪೆಂದು ಓದಬಾರದು.

ಅಶ್ವಿನ್ ವಿಕೆಟ್‌ಗಳಲ್ಲಿ 383 ತವರಿನಲ್ಲೇ ಬಂದವು, ತಿರುಗುವ ಪಿಚ್‌ಗಳೇ ಅವರನ್ನು ಬೆಳೆಸಿದವು ಎಂಬ ಮಾತೂ ಇದೆ. ಅದರಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಅದೇ ಪಿಚ್‌ಗಳಲ್ಲಿ ಎದುರಾಳಿ ಸ್ಪಿನ್ನರ್‌ಗಳೂ ಬೌಲ್ ಮಾಡಿದರು. ಅಶ್ವಿನ್ ಮಾಡಿದ್ದನ್ನು ಅವರು ಮಾಡಲಾಗಲಿಲ್ಲ. ಕೇರಂ ಬಾಲ್, ಕ್ರೀಸಿನ ಅಂಚಿನವರೆಗೆ ಸರಿದು ಬದಲಿಸುವ ಕೋನ, ಎಡಗೈ ಬ್ಯಾಟ್ಸ್‌ಮನ್‌ಗಳಿಗೆ ಹೆಣೆದ ಬಲೆ, ಇವೆಲ್ಲ ಪಿಚ್ ಕೊಟ್ಟ ವರವಲ್ಲ. 2020ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಸ್ಟೀವ್ ಸ್ಮಿತ್ ಸೊನ್ನೆಗೆ ಔಟಾದರು. ಲೆಗ್ ಸೈಡಿನಲ್ಲಿ ಹಿಂದಕ್ಕೆ ನಿಲ್ಲಿಸಿದ್ದ ಪೂಜಾರರ ಕೈಗೇ ಕ್ಯಾಚ್ ಹೋಯಿತು. ಅಲ್ಲಿ ಗೆದ್ದದ್ದು ಯೋಜನೆ. ಇಂಥ ಬುದ್ಧಿವಂತಿಕೆಯ ಜೊತೆ 6 ಟೆಸ್ಟ್ ಶತಕಗಳನ್ನೂ ಸೇರಿಸಿದರೆ ಮೊದಲ ಸ್ಥಾನ ಅವರದೇ.

ಆದ್ದರಿಂದ ನನ್ನ ಕ್ರಮ ಹೀಗಿದೆ: ಅಶ್ವಿನ್, ಪ್ರಸನ್ನ, ಹರ್ಭಜನ್, ವೆಂಕಟ್. ಮೊದಲಿಬ್ಬರ ನಡುವಿನ ಅಂತರ ಸಾಧನೆಯದು, ಪ್ರತಿಭೆಯದಲ್ಲ. ಈ ವಾದಕ್ಕೆ ಅರ್ಥವಿರುವುದೂ ಇಲ್ಲೇ. ನಾವು ಯಾರನ್ನು ಹಿರಿಯರೆಂದು ಕರೆಯುತ್ತೇವೋ ಹುಡುಗರು ಅವರನ್ನೇ ಅನುಸರಿಸುತ್ತಾರೆ. ಟಿ20 ಭರದಲ್ಲಿ ಚಪ್ಪಟೆಯಾಗಿ, ಬಿರುಸಾಗಿ ಹಾಕುವುದೇ ಆಫ್‌ಸ್ಪಿನ್ ಆಗುತ್ತಿರುವ ಹೊತ್ತಿನಲ್ಲಿ ಪ್ರಸನ್ನರನ್ನು ಅಂಕಿಗಳ ಕೆಳಗೆ ಹೂತರೆ, ಚೆಂಡನ್ನು ಗಾಳಿಗೆ ಬಿಡುವ ಧೈರ್ಯವನ್ನು ಮುಂದಿನವರಿಗೆ ಕಲಿಸುವವರೇ ಇರುವುದಿಲ್ಲ.