ಮೇಲಿನವರ ಆದೇಶ

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡರೆ ಸಾಕು, ಕ್ಯಾಬ್‌ನಲ್ಲಿ ಯಾರಾದರೊಬ್ಬರು 'ಚೀನಾ ಥರ ನಮ್ಮಲ್ಲೂ ಒಂದೇ ಮಗು ಅಂತ ಕಾನೂನು ತರ್ಬೇಕು ಕಣ್ರೀ' ಅಂದೇ ಅಂತಾರೆ. ಅಂಥವರು ನಾನ್‌ಫು ವಾಂಗ್ ಮತ್ತು ಜಿಯಾಲಿಂಗ್ ಜಾಂಗ್ ನಿರ್ದೇಶಿಸಿದ 'ಒನ್ ಚೈಲ್ಡ್ ನೇಷನ್' (2019) ಸಾಕ್ಷ್ಯಚಿತ್ರವನ್ನು ಒಮ್ಮೆ ನೋಡಬೇಕು.

ವಾಂಗ್ ಹುಟ್ಟಿದ್ದು 1985ರಲ್ಲಿ, ಜಿಯಾಂಗ್‌ಶಿ ಪ್ರಾಂತ್ಯದ ಹಳ್ಳಿಯಲ್ಲಿ. ಗಂಡಾಗಲಿ ಅಂತ ಆರಿಸಿಟ್ಟಿದ್ದ ಹೆಸರನ್ನೇ ಆಕೆಗಿಟ್ಟರು: 'ನಾನ್' ಅಂದರೆ ಗಂಡು, 'ಫು' ಅಂದರೆ ಕಂಬ. ಎರಡನೇ ಮಗುವಿಗೆ ಅನುಮತಿ ಸಿಕ್ಕಾಗ ಅಜ್ಜಿ ಮನೆಯಲ್ಲಿ ಒಂದು ಬುಟ್ಟಿ ತಂದಿಟ್ಟಿದ್ದಳಂತೆ. ಇದೂ ಹೆಣ್ಣಾದರೆ ಅದರಲ್ಲಿಟ್ಟು ಬೀದಿಯಲ್ಲಿ ಬಿಟ್ಟುಬರೋಕೆ! ಹುಟ್ಟಿದ್ದು ಗಂಡು, ಬಚಾವಾಯಿತು.

ಊರಿನ ಸೂಲಗಿತ್ತಿ ತಾನು ಮಾಡಿದ ಗರ್ಭಪಾತ, ಸಂತಾನಹರಣ ಚಿಕಿತ್ಸೆಗಳು 50–60 ಸಾವಿರ ಇರಬಹುದು ಅಂತಾಳೆ. ಪಾಪ ಕಳೆದುಕೊಳ್ಳಲು ಈಗ ಮಕ್ಕಳಾಗದವರಿಗೆ ಮಾತ್ರ ಚಿಕಿತ್ಸೆ ಕೊಡ್ತಾಳೆ. ಇದೇ ಕೆಲಸಕ್ಕೆ ಸರ್ಕಾರದಿಂದ ಪ್ರಶಸ್ತಿ ಪಡೆದ ಇನ್ನೊಬ್ಬಳಿಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಉಳಿದವರೆಲ್ಲರದೂ ಒಂದೇ ಮಾತು: ಮೇಲಿನವರ ಆದೇಶ, ನಾವೇನ್ ಮಾಡೋಕಾಗ್ತಿತ್ತು? ಈ ಮಾತಿನ ಹಿಂದಿನ ಅಸಹಾಯಕತೆಯನ್ನೂ ಅನುಕೂಲವನ್ನೂ ತೋರಿಸಿದ್ದೇ ಚಿತ್ರದ ದೊಡ್ಡ ಗೆಲುವು.

ಆದರೆ ನನ್ನದೊಂದು ತಕರಾರಿದೆ. ಈ ಕಾನೂನು ಇಲ್ಲದಿದ್ದರೆ ದೇಶ ಉಳೀತಿರಲಿಲ್ಲ ಅಂತ ವಾಂಗ್‌ಳ ತಾಯಿ ಈಗಲೂ ನಂಬಿದ್ದಾಳೆ. ಮಗಳು ಕ್ರೌರ್ಯ ತೋರಿಸ್ತಾಳೆ, ಆದರೆ ಆ ನಂಬಿಕೆಯ ಲೆಕ್ಕ ಕೇಳೋದಿಲ್ಲ. ಕೇಳಬೇಕಿತ್ತು. 1970ರಲ್ಲಿ ಚೀನಾದ ಹೆಣ್ಣಿಗೆ ಸರಾಸರಿ ಆರರ ಹತ್ತಿರ ಮಕ್ಕಳು. ಒಂದೇ ಮಗುವಿನ ನಿಯಮ ಬರುವ ಮೊದಲೇ, 1979ರ ಹೊತ್ತಿಗೆ ಅದು ಮೂರಕ್ಕಿಂತ ಕೆಳಗಿಳಿದಿತ್ತು. ನಮ್ಮಲ್ಲೂ ಅಷ್ಟೇ. ಅಂಥ ಕಾನೂನಿಲ್ಲದೆ ಕರ್ನಾಟಕದ ಸರಾಸರಿ 1.7ಕ್ಕೆ ಬಂದಿದೆ (2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ). ಹಾಗಂತ ನಾವೇನೂ ಸಾಚಾ ಅಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಚಿಕಿತ್ಸೆ ಆಯಿತು. ಅಲ್ಲೂ ಟಾರ್ಗೆಟ್, ಅಲ್ಲೂ ಮೇಲಿನವರ ಆದೇಶ.

ಚೀನಾ 2016ರಲ್ಲಿ ಎರಡು ಮಕ್ಕಳಿಗೆ, 2021ರಲ್ಲಿ ಮೂರಕ್ಕೆ ಒಪ್ಪಿಗೆ ಕೊಟ್ಟಿತು. ಆದರೂ 2022ರಿಂದ ಜನಸಂಖ್ಯೆ ಇಳೀತಾನೇ ಇದೆ. ಹೆಂಗಸರಿಗಿಂತ ಗಂಡಸರು ಸುಮಾರು 3 ಕೋಟಿ ಹೆಚ್ಚಿದ್ದಾರೆ. ಬೇಡ ಅಂದಿದ್ದ ಸರ್ಕಾರವೇ ಈಗ ಹೆರಿ, ಹೆರಿ ಅಂತ ಗೋಗರೀತಿದೆ. ಆ ಬುಟ್ಟಿಗಳಲ್ಲಿ ಹೋದ ಹೆಣ್ಣುಮಕ್ಕಳು ಬದುಕಿದ್ದಿದ್ದರೆ, ಇವತ್ತು ಅವರೇ ತಾಯಂದಿರಾಗಿರುತ್ತಿದ್ದರು.